ದುರ್ಗದ ಹಳೇ ಪೇಟೆ ನಡೆದು ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರದುರ್ಗದವನು. ನಮ್ಮ ಬಾಯಲ್ಲಿ ಅದು ಬರೀ ದುರ್ಗ. ನೆಂಟರು, ನೆಂಟರ ಸ್ನೇಹಿತರು, ಅವರ ಆಫೀಸಿನವರು ಅಂತ ವರ್ಷಕ್ಕೆ ಹತ್ತಾರು ಜನರನ್ನು ಪೇಟೆ ಸುತ್ತಿಸಿ ಅಭ್ಯಾಸ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ.

## ಹೊರಡುವ ಮೊದಲು

ದುರ್ಗ ಅಂದ್ರೆ ಕೋಟೆ ಅಲ್ವಾ? ಪೇಟೆಯಲ್ಲಿ ನೋಡೋಕೆ ಏನಿದೆ?

ಪೇಟೆಯೂ ಕೋಟೆಯೇ. ಇದೊಂದು ಗೊತ್ತಿಲ್ಲದೆ ಬಹಳ ಜನ ಅರ್ಧ ಕೋಟೆ ನೋಡಿ ವಾಪಸ್ ಹೋಗುತ್ತಾರೆ. ಏಳು ಸುತ್ತಿನ ಕೋಟೆಯ ಹೊರಗಿನ ಸುತ್ತುಗಳು ಬೆಟ್ಟದ ಮೇಲಿಲ್ಲ, ಕೆಳಗೆ ಊರೊಳಗಿವೆ. ಟಿಕೆಟ್ ಕೌಂಟರ್‌ಗೆ ಬರುವಷ್ಟರಲ್ಲಿ ನೀವು ಆಗಲೇ ಕೋಟೆಯೊಳಗೆ ಬಂದಾಗಿರುತ್ತದೆ. ಆಟೋದಲ್ಲಿ ಕೂತು ಮೊಬೈಲ್ ನೋಡುತ್ತಾ ಬಂದರೆ ಅದು ತಿಳಿಯುವುದೇ ಇಲ್ಲ, ಅಷ್ಟೇ.

ಮೇಲೆ ಇರುವುದು ಖಾಲಿ ಕೋಟೆ. ಗುಡಿ, ಹೊಂಡ, ಬಂಡೆ, ಗಾಳಿ. ಕೆಳಗಿನದರಲ್ಲಿ ಜನ ಈಗಲೂ ವಾಸ ಮಾಡುತ್ತಾರೆ. ಬುರುಜಿನ ಪಕ್ಕದಲ್ಲೇ ಬಟ್ಟೆ ಒಣಗುತ್ತಿರುತ್ತದೆ. ಕೆಲವು ಕಡೆ ಕೋಟೆ ಗೋಡೆಯೇ ಯಾರದೋ ಹಿತ್ತಿಲ ಗೋಡೆ. ನನಗೆ ಮೇಲಿನದಕ್ಕಿಂತ ಇದೇ ಜಾಸ್ತಿ ಇಷ್ಟ. ಮೊದಲ ಸಲ ಬರುವವರಿಗೆ ಮಾತ್ರ ಹಾಗೆ ಹೇಳುವುದಿಲ್ಲ, ಜಗಳಕ್ಕೆ ಬರುತ್ತಾರೆ.

ಬೆಂಗಳೂರಿಂದ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗಬಹುದಾ?

ಹೋಗಬಹುದು. ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ದಾವಣಗೆರೆಯಿಂದಾದರೆ 60 ಕಿ.ಮೀ. ಚಿಲ್ಲರೆ. ಬಸ್ಸಿಗೆ ಬರವಿಲ್ಲ. ರೈಲು ಬೇಕೆಂದರೆ ಚಿಕ್ಕಜಾಜೂರು ಮೂಲಕ ಬರುವ ಮಾರ್ಗ ಇದೆ. ಆದರೆ ಒಂದೇ ದಿನಕ್ಕೆ ಬಸ್ಸೇ ಅನುಕೂಲ.

ಒಂದೇ ದಿನ ಇದ್ದರೆ ಪೇಟೆಗೆ ಎರಡೂವರೆ ಗಂಟೆ, ಮೇಲುದುರ್ಗಕ್ಕೆ, ಅಂದರೆ ಬೆಟ್ಟದ ಮೇಲಿನ ಕೋಟೆಗೆ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿರುವ ಚಂದ್ರವಳ್ಳಿಯನ್ನೂ ಅದೇ ದಿನ ತುರುಕಬೇಡಿ. ಎರಡು ದಿನ ಇದ್ದರೆ ಮೊದಲ ದಿನ ಸಂಜೆ ಪೇಟೆ, ಮರುದಿನ ಬೆಳಿಗ್ಗೆ ಬೆಟ್ಟ, ಊಟ ಆದ ಮೇಲೆ ಚಂದ್ರವಳ್ಳಿ.

ಯಾವ ತಿಂಗಳು ಬಂದ್ರೆ ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ಅರ್ಧ ದಾಟಿದರೆ ಬಂಡೆ ಕಾದು ಕಾವಲಿಯಾಗುತ್ತದೆ. ಬಿಸಿಲು ಮೇಲಿಂದ ಒಂದು ಪಾಲು, ಕೆಳಗಿನ ಕಲ್ಲಿಂದ ಇನ್ನೊಂದು ಪಾಲು ಹೊಡೆಯುತ್ತದೆ.

ಮಳೆ ನಿಂತ ಮೇಲೆ ಬರುವುದೂ ಚೆಂದವೇ. ಹೊಂಡಗಳಲ್ಲಿ ನೀರಿರುತ್ತದೆ, ಬಂಡೆ ಸಂದಿಯಲ್ಲಿ ಹಸಿರಿರುತ್ತದೆ. ಆದರೆ ಒದ್ದೆ ಬಂಡೆಯ ಮೇಲೆ ಧೈರ್ಯ ತೋರಿಸಬೇಡಿ. ಹುಟ್ಟಿದ ಊರು ಎಂಬ ಕೊಬ್ಬಿನಲ್ಲಿ ಒಮ್ಮೆ ಚಪ್ಪಲಿ ಹಾಕಿಕೊಂಡೇ ಇಳಿದು ಜಾರಿದ್ದೆ. ಮೂರು ವಾರ ಮೊಣಕೈ ಮಡಚಲು ಆಗಲಿಲ್ಲ.

ಟಿಕೆಟ್ ಎಷ್ಟು? ಎಷ್ಟು ಗಂಟೆಗೆ ತೆರೆಯುತ್ತೆ?

ಪೇಟೆಗೆ ಟಿಕೆಟ್ ಇಲ್ಲ. ಮೇಲುದುರ್ಗ ಕೇಂದ್ರ ಪುರಾತತ್ವ ಇಲಾಖೆಯದು. ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಂದರೆ ವಾಕಿಂಗ್‌ಗೆ ಬಂದ ಊರಿನವರ ಜೊತೆ ಹತ್ತಬಹುದು.

ಅಮ್ಮನಿಗೆ ಮಂಡಿ ನೋವು. ಕರ್ಕೊಂಡು ಬರಬಹುದಾ?

ಪೇಟೆಗೆ ಧಾರಾಳವಾಗಿ ಬರಬಹುದು. ಅಲ್ಲಲ್ಲಿ ಸಣ್ಣ ಏರು ಬಿಟ್ಟರೆ ಸಮನೆಲ. ಸುಸ್ತಾದರೆ ಕೂರಲು ಗುಡಿಕಟ್ಟೆ ಇದೆ, ಯಾರದ್ದೋ ಜಗುಲಿ ಇದೆ. ಕೂತರೆ ನೀರು ಬೇಕಾ ಎಂದು ಕೇಳುತ್ತಾರೆ.

ಮೇಲೆ ಗಾಡಿ ಹೋಗುವುದಿಲ್ಲ, ಮೆಟ್ಟಿಲು ಜಾಸ್ತಿ. ಮದ್ದು ಬೀಸುವ ಕಲ್ಲಿನವರೆಗೆ ನಿಧಾನಕ್ಕೆ ಹೋಗಿ ನೆರಳಲ್ಲಿ ಕೂತರೂ ಕೋಟೆಯ ಅಂದಾಜು ಸಿಗುತ್ತದೆ. ಅಲ್ಲಿ ಒಂದು ದೊಡ್ಡ ಗುಂಡಿ, ಅದರೊಳಗೆ ನಾಲ್ಕು ಭಾರಿ ಬೀಸುಕಲ್ಲು. ತೋಪಿಗೆ ಮದ್ದು ಅರೆಯುತ್ತಿದ್ದ ಜಾಗ. ಅಡುಗೆಮನೆಯಲ್ಲಿ ಬೀಸುಕಲ್ಲು ತಿರುಗಿಸಿದ ಅಮ್ಮಂದಿರು ನಮಗಿಂತ ಹೆಚ್ಚು ಹೊತ್ತು ಅದನ್ನು ನೋಡುತ್ತಾ ನಿಲ್ಲುತ್ತಾರೆ.

## ಪೇಟೆಯೊಳಗೆ

ಎಲ್ಲಿಂದ ಶುರು ಮಾಡಲಿ? ದಾರಿ ತಪ್ಪಿದ್ರೆ?

ರಂಗಯ್ಯನ ಬಾಗಿಲಿನಿಂದ. ಇದು ಕೆಳಕೋಟೆಯ ಹೆಬ್ಬಾಗಿಲುಗಳಲ್ಲಿ ಒಂದು, ಈಗ ಊರ ನಡುವೆ ಬಂದುಬಿಟ್ಟಿದೆ. ಸರ್ಕಾರದ ಪುರಾತತ್ವ ವಸ್ತು ಸಂಗ್ರಹಾಲಯವೂ ಅಲ್ಲೇ. ಆಯುಧ, ವೀರಗಲ್ಲು, ಶಾಸನ ಎಲ್ಲ ಒಂದೇ ಕಡೆ ಸಿಗುತ್ತವೆ. ಮುಂದೆ ಬೀದಿಯಲ್ಲಿ ಕಾಣುವುದು ಅರ್ಥವಾಗಬೇಕಾದರೆ ಅರ್ಧ ಗಂಟೆ ಅಲ್ಲಿ ಕಳೆಯಿರಿ.

ಅಲ್ಲಿಂದ ದೊಡ್ಡಪೇಟೆ ಹಿಡಿಯಿರಿ. ಉಚ್ಚಂಗಿ ಯಲ್ಲಮ್ಮನ ಗುಡಿ ನೋಡಿ. ದುರ್ಗವನ್ನು ಆಳಿದ ನಾಯಕರು ನಡೆದುಕೊಳ್ಳುತ್ತಿದ್ದ ದೇವತೆ ಈ ಯಲ್ಲಮ್ಮ. ಕೆಳಪೇಟೆಯ ಗುಡಿಗಳಲ್ಲಿ ಇದೇ ಮುಖ್ಯವಾದದ್ದು. ಆಮೇಲೆ ಚಿಕ್ಕಪೇಟೆ, ಆನೆಬಾಗಿಲು, ಕರುವಿನಕಟ್ಟೆ, ಬುರುಜನಹಟ್ಟಿ ಸುತ್ತಿ ಕೋಟೆ ರಸ್ತೆ ಸೇರಬಹುದು. ಇದೇ ಕ್ರಮ ಎಂದೇನಿಲ್ಲ. ಓಣಿ ಕರೆದ ಕಡೆ ಹೋಗಿ.

ದಾರಿ ತಪ್ಪುವುದು ಕಷ್ಟ. ಬೆಟ್ಟ ಎದುರಿಗಿದ್ದರೆ ಕೋಟೆ ಕಡೆ ಹೋಗುತ್ತಿದ್ದೀರಿ, ಬೆನ್ನಿಗಿದ್ದರೆ ಬಸ್ ಸ್ಟ್ಯಾಂಡ್ ಕಡೆ. ಓಣಿಗಳಲ್ಲಿ ಮೊಬೈಲ್ ಮ್ಯಾಪ್‌ಗಿಂತ ಈ ಲೆಕ್ಕವೇ ಸರಿ ಬರುತ್ತದೆ.

ಬೀದಿಗಳ ಹೆಸರು ಯಾಕೆ ಹೀಗಿವೆ? ಬುರುಜನಹಟ್ಟಿ, ಆನೆಬಾಗಿಲು, ಸಂತೆಪೇಟೆ...

ಹೆಸರನ್ನು ಬಿಡಿಸಿ ನೋಡಿ, ಹಳೇ ಊರಿನ ನಕ್ಷೆ ಸಿಗುತ್ತದೆ. ಬುರುಜು ಅಂದರೆ ಕೋಟೆ ಗೋಡೆಯಿಂದ ಹೊರಗೆ ಉಬ್ಬಿ ನಿಂತ ಕಾವಲಿನ ಭಾಗ. ಅದರ ಬುಡದ ಹಟ್ಟಿ ಬುರುಜನಹಟ್ಟಿ. ದುರ್ಗದ ಸೀಮೆಯಲ್ಲಿ ಹಟ್ಟಿ ಅಂದರೆ ಜನ ಗುಂಪಾಗಿ ನೆಲೆಸಿದ ಕೇರಿ. ಬಾಗಿಲು ಎಂಬ ಹೆಸರಿದ್ದ ಕಡೆ ಒಂದು ಕೋಟೆಬಾಗಿಲ ನೆನಪಿದೆ. ಸಂತೆಪೇಟೆ, ಸಂತೆ ಹೊಂಡ ಎರಡಕ್ಕೂ ವಿವರಣೆ ಬೇಕಿಲ್ಲ ಅಲ್ವಾ?

ಇನ್ನೂ ಮೂರು ಪದ ತಿಳಿದಿದ್ದರೆ ಸಾಕು. ಅಗಸೆ ಅಂದರೆ ಹೆಬ್ಬಾಗಿಲು. ದಿಡ್ಡಿ ಅಂದರೆ ಒಬ್ಬರು ಇಬ್ಬರು ಓಡಾಡುವ ಚಿಕ್ಕ ಬಾಗಿಲು. ಬತೇರಿ ಅಂದರೆ ತೋಪು ಇಡುವ ಎತ್ತರದ ಕಟ್ಟೆ. ಮೇಲೆ ತುಪ್ಪದ ಕೊಳದ ಹತ್ತಿರ ಅಂಥ ಒಂದು ಬತೇರಿ ಇದೆ. ಅಲ್ಲಿಂದ ಊರು ಅಂಗೈ ಮೇಲೆ ಕಾಣುತ್ತದೆ.

ಊರೊಳಗೆ ಇಷ್ಟು ದೊಡ್ಡ ಹೊಂಡ ಯಾಕೆ? ನೀರು ಎಲ್ಲಿಂದ ಬರುತ್ತೆ?

ದುರ್ಗದಲ್ಲಿ ನೀವು ಒಂದೇ ವಿಷಯ ತಿಳಿದು ಹೋಗುವುದಾದರೆ ಇದನ್ನು ತಿಳಿದು ಹೋಗಿ. ಇದು ಮಳೆ ಕಡಿಮೆ ಇರುವ ಬಯಲುಸೀಮೆ, ಹತ್ತಿರದಲ್ಲಿ ಹೊಳೆಯಿಲ್ಲ. ಶತ್ರು ಸುತ್ತುವರಿದು ತಿಂಗಳುಗಟ್ಟಲೆ ಕೂತರೆ ಒಳಗಿನವರು ಏನು ಕುಡಿಯಬೇಕು? ಕಲ್ಲಿನ ಗೋಡೆ ಎಷ್ಟು ಎತ್ತರ ಇದ್ದರೂ ಬಾಯಾರಿದವನು ಒಂದು ದಿನ ಬಾಗಿಲು ತೆಗೆಯಲೇಬೇಕು.

ಅದಕ್ಕೇ ಬೆಟ್ಟವನ್ನೇ ಬೋಗುಣಿ ಮಾಡಿಕೊಂಡರು. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಅಷ್ಟೂ ಹರಿಯುತ್ತದೆ. ಆ ನೀರು ಮೊದಲು ಮೇಲುದುರ್ಗದ ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆ ಹೊಂಡಕ್ಕೆ. ಒಂದು ತುಂಬಿ ಚೆಲ್ಲಿದ್ದು ಮುಂದಿನದಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು.

ಕೆಳಗೆ ಸಂತೆ ಹೊಂಡದ ಕಟ್ಟೆಯ ಮೇಲೆ ನಿಂತು ಬೆಟ್ಟದ ಕಡೆ ತಿರುಗಿ. ನೀರು ಇಳಿದು ಬಂದ ದಾರಿಯನ್ನು ಕಣ್ಣಲ್ಲೇ ಹತ್ತಿ ನೋಡಿ. ಆಮೇಲೆ ಬೆಟ್ಟ ಏರಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಹೋದಾಗ ಇನ್ನೊಮ್ಮೆ ತಿರುಗಿ ಕೆಳಗೆ ನೋಡಿ. ಕೆಳಗೂ ಮೇಲೂ ಒಂದೇ ಕೋಟೆ ಅನ್ನುವುದು ನನ್ನ ತಲೆಗೆ ಹೊಕ್ಕಿದ್ದು ಹೀಗೆ ನೋಡಿದ ದಿನ. ಅದಕ್ಕಿಂತ ಮೊದಲು ಇಪ್ಪತ್ತು ವರ್ಷ ಆ ಹೊಂಡದ ಪಕ್ಕದಲ್ಲೇ ಸೈಕಲ್ ಹೊಡೆದಿದ್ದೆ.

ಇವತ್ತು ಕೆಳಗಿನ ಹೊಂಡಗಳ ನೀರು ಕುಡಿಯುವಂತಿಲ್ಲ. ಸಿಹಿನೀರು ಹೊಂಡ ಎಂಬ ಹೆಸರು ಮಾತ್ರ ಸಿಹಿಯಾಗಿ ಉಳಿದಿದೆ.

ಹಳೇ ಮನೆಗಳನ್ನ ಹೇಗೆ ಗುರುತಿಸೋದು?

ತಲೆ ಎತ್ತಿ ಚಾವಣಿ ನೋಡಿ. ದುರ್ಗದ ಹಳೇ ಮನೆ ಅಂದರೆ ಮಾಳಿಗೆ ಮನೆ. ಮಲೆನಾಡಿನ ಹಾಗೆ ಇಳಿಜಾರು ಹೆಂಚಿಲ್ಲ, ತಟ್ಟೆಯಂತೆ ಚಪ್ಪಟೆ. ಮರದ ತೊಲೆ, ಅದರ ಮೇಲೆ ಹಲಗೆ ಅಥವಾ ಜಂತೆ, ಅದರ ಮೇಲೆ ದಪ್ಪನೆ ಮಣ್ಣು. ಮೇಲ್ಪದರಕ್ಕೆ ಚೌಳು ಮಣ್ಣು, ಯಾಕೆಂದರೆ ಅದು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮಳೆ ಕಡಿಮೆ ಇರುವ ಸೀಮೆಗೆ ಇದು ಸಾಕು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಗಡಿಗೆಯೊಳಗೆ ಇಳಿದ ಹಾಗೆ ತಂಪು. ಬೆಳಕಿಗೆ ಚಾವಣಿಯಲ್ಲಿ ಒಂದು ಬೆಳಕಿಂಡಿ. ಮುಂದೆ ಜಗುಲಿ, ಮರದ ಕಂಬ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು.

ಇಂಥ ಮನೆಗಳು ಕಡಿಮೆಯಾಗುತ್ತಿವೆ. ಚಾವಣಿ ಮಣ್ಣನ್ನು ಆಗಾಗ ತಟ್ಟಿ ಸರಿ ಮಾಡಬೇಕು, ಅದನ್ನು ಬಲ್ಲ ಕೈಗಳು ಸಿಗುತ್ತಿಲ್ಲ. ಅಣ್ಣತಮ್ಮಂದಿರು ಪಾಲಾದರೆ ಮನೆಯೂ ಪಾಲು. ಒಂದೇ ಜಗುಲಿಯ ಅರ್ಧ ಹಳೇದಾಗಿ ಉಳಿದು ಇನ್ನರ್ಧ ಟೈಲ್ಸ್ ಆಗಿರುವುದನ್ನು ನೋಡುತ್ತೀರಿ. ಬೇಜಾರಾಗುತ್ತದೆ, ನಿಜ. ಆದರೆ ಸೋರುವ ಮನೆಯಲ್ಲಿ ಮಲಗುವವರು ಅವರು, ನಾವಲ್ಲ.

ಮನೆಗಳ ಫೋಟೋ ತೆಗೆದ್ರೆ ಬೈತಾರಾ?

ಕೇಳದೆ ತೆಗೆದರೆ ಬೈಯುತ್ತಾರೆ. ನನಗೇ ಬೈದಿದ್ದಾರೆ. ಒಂದು ಚೆಂದದ ಬಾಗಿಲಿಗೆ ಕ್ಯಾಮೆರಾ ಹಿಡಿದಿದ್ದೆ. ಒಳಗಿಂದ ಬಂದ ಅಜ್ಜಿ "ನಮ್ಮನೆ ಬಾಗ್ಲಲ್ಲಿ ಏನ್ ಕಳ್ಕೊಂಡ್ಯಪ್ಪ?" ಎಂದರು. ತಪ್ಪಾಯಿತು ಎಂದು ವಿಷಯ ಹೇಳಿದ ಮೇಲೆ ಒಳಗೆ ಕರೆದು ತೊಲೆ, ಕಂಬ, ಅಟ್ಟ ಎಲ್ಲ ತೋರಿಸಿದರು. ಆದ್ದರಿಂದ ಮೊದಲು ಮಾತು, ಆಮೇಲೆ ಫೋಟೋ.

ಏನು ತಿನ್ನೋದು?

ಬೆಳಿಗ್ಗೆ ಬೆಣ್ಣೆ ಹಾಕಿದ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಬೆಣ್ಣೆದೋಸೆಗೆ ದಾವಣಗೆರೆಯವರು ಹೆಸರು ಮಾಡಿದ್ದಾರೆ, ಅದರ ಜಗಳ ಇಲ್ಲಿ ಬೇಡ. ಮಂಡಕ್ಕಿ ಮಾತ್ರ ನಮ್ಮಿಬ್ಬರದೂ. ಒಗ್ಗರಣೆ ಹಾಕಿದ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ, ಕೈಯಲ್ಲಿ ಪೇಪರ್ ತುಂಡು. ಅಂಗಡಿ ಹೆಸರು ಹೇಳುವುದಿಲ್ಲ. ಎಣ್ಣೆ ಬಾಣಲೆಯ ಸುತ್ತ ಜನ ನಿಂತಿದ್ದರೆ ನೀವೂ ನಿಲ್ಲಿ.

ಹಬ್ಬದ ಹೊತ್ತಲ್ಲಿ ಬಂದ್ರೆ ಏನು ನೋಡಬಹುದು?

ಬೇಸಿಗೆಯಲ್ಲಿ ನಡೆಯುವ ಅಕ್ಕ ತಂಗಿಯರ ಭೇಟಿ. ಬರಗೇರಮ್ಮ ಮತ್ತು ತಿಪ್ಪಿನಘಟ್ಟಮ್ಮ ದುರ್ಗದ ಗ್ರಾಮದೇವತೆಗಳು, ಜನರ ನಂಬಿಕೆಯಲ್ಲಿ ಒಡಹುಟ್ಟಿದವರು. ವರ್ಷಕ್ಕೊಮ್ಮೆ ದೊಡ್ಡಪೇಟೆಯ ರಾಜಬೀದಿಯಲ್ಲಿ ಇಬ್ಬರೂ ಎದುರಾಗುತ್ತಾರೆ. ಗಂಟೆಗಟ್ಟಲೆ ಕಾಯುವುದು, ಭೇಟಿ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮಾಳಿಗೆಗಳ ಮೇಲೆಲ್ಲ ಜನ ಸೇರುತ್ತಾರೆ. ಚಪ್ಪಟೆ ಚಾವಣಿಯ ಇನ್ನೊಂದು ಉಪಯೋಗ ಅವತ್ತು ಗೊತ್ತಾಗುತ್ತದೆ. ಆ ದಿನ ಪೇಟೆಯಲ್ಲಿ ಬೇರೇನೂ ನೋಡಲು ಆಗುವುದಿಲ್ಲ, ಅಷ್ಟು ನೂಕುನುಗ್ಗಲು.

## ಬೆಟ್ಟ ಹತ್ತುವಾಗ

ಏಳು ಸುತ್ತು ಅಂತಾರಲ್ಲ, ನಾನು ಎಣಿಸಿದ್ರೂ ಸಿಗಲಿಲ್ಲ!

ಮೇಲೆ ಮಾತ್ರ ಎಣಿಸಿದ್ದೀರಿ. ಹೊರಗಿನ ಸುತ್ತುಗಳನ್ನು ಊರಲ್ಲೇ ದಾಟಿ ಬಂದಿದ್ದೀರಿ. ಜೊತೆಗೆ ಗೋಡೆಗಳು ಗುಂಡಗೆ ಸುತ್ತುವುದಿಲ್ಲ. ಬೆಟ್ಟ ಹೇಗೆ ಬಾಗಿದೆಯೋ ಹಾಗೆ ಬಾಗುತ್ತವೆ, ದೊಡ್ಡ ಬಂಡೆ ಸಿಕ್ಕಲ್ಲಿ ಅದನ್ನೇ ಗೋಡೆ ಮಾಡಿಕೊಂಡು ಮುಂದೆ ಹೋಗುತ್ತವೆ. 19 ಅಗಸೆ, 38 ದಿಡ್ಡಿ, 35 ಕಳ್ಳದಾರಿ ಎಂದು ಗೈಡ್‌ಗಳು ಲೆಕ್ಕ ಒಪ್ಪಿಸುತ್ತಾರೆ. ಕೇಳಲು ಚೆನ್ನಾಗಿದೆ. ನಾನು ಎಣಿಸಲು ಹೋಗಿಲ್ಲ.

ಬಾಗಿಲು ಯಾಕೆ ನೇರ ಇಲ್ಲ? ಪ್ರತಿ ಸಲ ತಿರುಗಬೇಕು.

ಬಾಗಿಲು ನೇರ ಇದ್ದರೆ ಆನೆ ಓಡಿ ಬಂದು ಗುದ್ದುತ್ತದೆ. ತಿರುವಿದ್ದರೆ ಓಡಿ ಬರಲು ಜಾಗವೇ ಇರುವುದಿಲ್ಲ. ತಿರುವಿನಲ್ಲಿ ಸಿಕ್ಕಿದವರ ಮೇಲೆ ಎರಡೂ ಕಡೆಯ ಗೋಡೆಯಿಂದ ಕಲ್ಲು, ಗುಂಡು, ಕಾದ ಎಣ್ಣೆ ಏನು ಬೇಕಾದರೂ ಸುರಿಯಬಹುದು.

ಗೋಡೆಯ ಕಲ್ಲುಗಳ ನಡುವೆ ಗಾರೆ ಹುಡುಕಿ. ಸಿಗುವುದಿಲ್ಲ. ಕಲ್ಲನ್ನು ಕಲ್ಲಿಗೆ ಕೆತ್ತಿ ಹೊಂದಿಸಿದ್ದಾರೆ. ಹಾಗೇ ಮೊದಲ ಬಾಗಿಲುಗಳ ಹತ್ತಿರ ಗೋಡೆಯ ಮೇಲೆ ಗಂಡಭೇರುಂಡ, ಹೆಡೆ ಎತ್ತಿದ ಹಾವು ಕೆತ್ತಿದ್ದಾರೆ. ಸೆಲ್ಫಿ ತೆಗೆಯುವವರ ಬೆನ್ನ ಹಿಂದೆ ಸಾಮಾನ್ಯವಾಗಿ ಅವು ಮುಚ್ಚಿಹೋಗಿರುತ್ತವೆ.

ಬಂಡೆ ಮೇಲೆ ಸಾಲಾಗಿ ತೂತು ಇವೆಯಲ್ಲ, ಅವು ಏನು?

ಒಂದೇ ಥರದವಲ್ಲ. ಹೊಲಿಗೆ ಹಾಕಿದಂತೆ ಒಂದೇ ಗೆರೆಯಲ್ಲಿರುವ ಚಿಕ್ಕ ಚೌಕ ಕುಳಿಗಳು ಬಂಡೆ ಸೀಳಲು ಮಾಡಿದವು. ಕುಳಿಗೆ ಬೆಣೆ ಹೊಡೆದರೆ ಕಲ್ಲು ಆ ಗೆರೆಯಲ್ಲೇ ಬಿರಿಯುತ್ತದೆ. ಅರ್ಧ ಸೀಳಿ ಬಿಟ್ಟ ಬಂಡೆಗಳೂ ಕಾಣುತ್ತವೆ, ಕೆಲಸಗಾರ ಊಟಕ್ಕೆ ಹೋಗಿ ಬರಲೇ ಇಲ್ಲವೇನೋ ಅನ್ನುವ ಹಾಗೆ. ಗುಂಡಗಿನ, ಆಳದ ಕುಳಿಗಳು ಕಂಬ ನಿಲ್ಲಿಸಲು. ಏರುಬಂಡೆಯಲ್ಲಿ ಒಂದರ ಮೇಲೊಂದು ಇರುವವು ಕಾಲಿಡಲು. ಆ ಕೊನೆಯ ಬಗೆಯ ಮೇಲೆ ಪ್ರಯೋಗ ಬೇಡ. ಬರಿಗೈಯಲ್ಲಿ ಬಂಡೆ ಏರುವ ಜ್ಯೋತಿರಾಜ್ ದುರ್ಗಕ್ಕೆ ಒಬ್ಬರು ಸಾಕು.

ಓಬವ್ವನ ಕಥೆ ನಿಜವಾ?

ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ಕಥೆ ನಿಮಗೆ ಗೊತ್ತು. ಹೈದರಾಲಿಯ ಮುತ್ತಿಗೆ, ಕಾವಲಿನವನು ಊಟಕ್ಕೆ ಕೂತ ಹೊತ್ತು. ನೀರಿಗೆ ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುವ ಸೈನಿಕರನ್ನು ಕಂಡು ಒನಕೆ ಹಿಡಿಯುತ್ತಾಳೆ. ಅರಮನೆಯ ಕಾಗದಕ್ಕಿಂತ ಜನರ ಬಾಯಲ್ಲಿ ಉಳಿದು ಬಂದ ಕಥೆ ಇದು. 2021ರಿಂದ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ.

ನಾನು ಹೇಳುವುದು ಇಷ್ಟೇ. ಕಿಂಡಿಯೊಳಗೆ ಒಮ್ಮೆ ನುಸುಳಿ ನೋಡಿ. ಒಬ್ಬರೇ ಹೋಗಬಹುದು, ಅದೂ ಬಗ್ಗಿ, ತಲೆ ಮುಂದೆ ಮಾಡಿ. ಕತ್ತಿ ಎತ್ತಲು ಕೈ ಆಡುವುದಿಲ್ಲ. ಆಚೆ ಒನಕೆ ಹಿಡಿದು ನಿಂತವಳಿಗೆ ಎಷ್ಟು ಅನುಕೂಲ ಎಂದು ನಿಮ್ಮ ಬೆನ್ನಿಗೇ ಗೊತ್ತಾಗುತ್ತದೆ. ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ. ನೀರಿಗೆ ಬಂದವಳು ಎಂಬ ಮಾತೂ ಆ ಜಾಗಕ್ಕೆ ಹೊಂದುತ್ತದೆ.

ಅರಮನೆ ಎಲ್ಲಿ? ಬರೀ ಮಣ್ಣಿನ ಗೋಡೆ ಇದೆ.

ಅದೇ ಅರಮನೆ. ಕೋಟೆ ಕಲ್ಲಿಂದ, ವಾಸದ ಕಟ್ಟಡ ಮಣ್ಣಿಂದ. ಚಾವಣಿ ಹೋಗಿ ಶತಮಾನಗಳಾದರೂ ಆಳೆತ್ತರ ಮೀರಿದ ಗೋಡೆಗಳು ಮಳೆಗೆ ನಿಂತಿವೆ. ಕೆಳಗಿನ ಮಾಳಿಗೆ ಮನೆ ನೋಡಿ ಬಂದವರಿಗೆ ಈ ಗೋಡೆಯ ದಪ್ಪ ಯಾಕೆ ಎಂದು ಹೇಳಬೇಕಾಗಿಲ್ಲ. ಹತ್ತಿರದಲ್ಲೇ ಕಣಜ, ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ, ಮಠ ಇವೆ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಕೋಟೆ ಕಟ್ಟಿಸಿದ್ದು ಮದಕರಿ ನಾಯಕನೇ ಅಲ್ವಾ?

ಒಬ್ಬರು ಕಟ್ಟಿಸಿದ್ದಲ್ಲ. ನಾಯಕರಿಗೆ ಎಷ್ಟೋ ಮೊದಲೇ, ಚಾಲುಕ್ಯ, ಹೊಯ್ಸಳರ ಕಾಲದಲ್ಲೇ ಇಲ್ಲಿ ನೆಲೆ ಇತ್ತು. ಆಗ ಊರಿನ ಹೆಸರು ಬೆಮ್ಮತ್ತನಕಲ್ಲು. ವಿಜಯನಗರದ ಕೈಕೆಳಗೆ 1568ರಲ್ಲಿ ತಿಮ್ಮಣ್ಣ ನಾಯಕ ಇಲ್ಲಿ ಆಳ್ವಿಕೆ ಶುರು ಮಾಡಿದ. ಮುಂದೆ ಬಂದ ಓಬಣ್ಣ, ಕಸ್ತೂರಿ ರಂಗಪ್ಪ, ಭರಮಣ್ಣ ಮೊದಲಾದವರು ಗೋಡೆ, ಗುಡಿ, ಹೊಂಡ ಸೇರಿಸುತ್ತಾ ಹೋದರು. ಮದಕರಿ ಎಂಬ ಹೆಸರಿನವರೂ ಒಬ್ಬರಲ್ಲ. ಕೊನೆಯ ಮದಕರಿ ನಾಯಕ 1779ರಲ್ಲಿ ಹೈದರಾಲಿಗೆ ಸೋತ, ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ. ಅಲ್ಲಿಗೆ ಎರಡು ನೂರು ವರ್ಷ ದಾಟಿದ ಆಳ್ವಿಕೆ ಮುಗಿಯಿತು. ಕಾದಂಬರಿ, ಸಿನಿಮಾಗಳಲ್ಲಿ ಕೊನೆಯವನದೇ ಕಥೆ ಜಾಸ್ತಿ ಆದ್ದರಿಂದ ಉಳಿದವರು ಮರೆಯಾದರು. ಅವರ ಇತಿಹಾಸಕ್ಕೆ ಓಲೆ, ಶಾಸನ ಹುಡುಕಿಕೊಂಡು ಜೀವ ಸವೆಸಿದವರು ಹುಲ್ಲೂರು ಶ್ರೀನಿವಾಸ ಜೋಯಿಸರು.

ಈ ಊರು ಎಷ್ಟು ಹಳೇದು?

ಇದಕ್ಕೆ ಉತ್ತರ ಬೇಕಾದರೆ ಬೆಟ್ಟದ ಇನ್ನೊಂದು ಮಗ್ಗುಲಿಗೆ, ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಭಾಷೆ ಪ್ರಾಕೃತ, ಕಾಲ 4ನೇ ಶತಮಾನ. ಅದು ಹೇಳುವುದೂ ಒಂದು ಕೆರೆಯ ವಿಷಯವನ್ನೇ! ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆದರು. ಶಾತವಾಹನರ ನಾಣ್ಯ, ಅದರ ಜೊತೆ ರೋಮನ್ ನಾಣ್ಯ ಕೂಡ ಸಿಕ್ಕಿವೆ. ನಮ್ಮ ಸಂತೆಗೆ ಎಲ್ಲೆಲ್ಲಿಯವರ ದುಡ್ಡು ಬಂದಿತ್ತು ನೋಡಿ.

ಅಲ್ಲೇ ಅಂಕಲಿ ಮಠದ ಗುಹೆಗಳಿವೆ. ಒಳಗೆ ಕಗ್ಗತ್ತಲು, ಕೋಣೆಯೊಳಗೆ ಕೋಣೆ. ಟಾರ್ಚ್ ಇರಲಿ, ದಾರಿ ಬಲ್ಲವರು ಜೊತೆಗಿರಲಿ. ಒಬ್ಬರೇ ಇಳಿಯಬೇಡಿ.

ಎರಡನೇ ಸಲ ಬರ್ತಿದ್ದೀನಿ. ಈ ಸಲ ಏನು ಬೇರೆ ಮಾಡಲಿ?

ಉಲ್ಟಾ ನಡೆಯಿರಿ. ಬೆಳಿಗ್ಗೆ 6ಕ್ಕೆ ನೇರ ಮೇಲೆ ಹೋಗಿ, ಹಿಡಿಂಬೇಶ್ವರ ಮತ್ತು ಸಂಪಿಗೆ ಸಿದ್ದೇಶ್ವರ ಗುಡಿಗಳ ದೀಪಸ್ತಂಭ, ಕಲ್ಲಿನ ಉಯ್ಯಾಲೆ ಕಂಬ ನೋಡಿ. ಗೋಪಾಲಸ್ವಾಮಿ ಹೊಂಡದಿಂದ ನೀರಿನ ಹಾಗೆ ಇಳಿಯಲು ಶುರು ಮಾಡಿ: ಅಕ್ಕ ತಂಗಿ ಹೊಂಡ, ಕೋಟೆ ಬಾಗಿಲು, ಸಿಹಿನೀರು ಹೊಂಡ, ಸಂತೆ ಹೊಂಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳಿಗೆ ಅದರ ಸದ್ದು ಚೆನ್ನಾಗಿ ಗೊತ್ತು. ಸಂತೆ ಹೊಂಡ ಮುಟ್ಟುವಾಗ ಸುಮಾರು ಹತ್ತೂವರೆ ಆಗಿರುತ್ತದೆ, ದೋಸೆ ಹೆಂಚು ಇನ್ನೂ ಬಿಸಿ ಇರುತ್ತದೆ.